ವೈಯಾವೃತ್ಯದ ಹಾದಿಯಲ್ಲಿ ಮೊಮ್ಮಗಳು

ಭಾದ್ರಪದ ಮಾಸದಲ್ಲಿ ನಮ್ಮ ಬಸದಿಯಲ್ಲಿ ನಡೆಯುವ ಷೋಡಶಕಾರಣ ಪೂಜೆಗೆ ನಾನು ನಲವತ್ತು ವರ್ಷಗಳಿಂದ ಕುಳಿತುಕೊಳ್ಳುತ್ತ ಬಂದಿದ್ದೇನೆ. ಹದಿನಾರು ಭಾವನೆಗಳಲ್ಲಿ ಒಂಬತ್ತನೆಯದು ವೈಯಾವೃತ್ಯಕರಣ. ನೆರೆದ ಶ್ರಾವಕ ಶ್ರಾವಕಿಯರಿಗೆ ಅದರ ಅರ್ಥವನ್ನು ಎರಡು ಮಾತಿನಲ್ಲಿ ಹೇಳಿ, ಅರ್ಘ್ಯವೆತ್ತಿ, ಹತ್ತನೆಯದಾದ ಅರ್ಹದ್ಭಕ್ತಿಗೆ ಸಾಗುವುದು ನನ್ನ ರೂಢಿ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಅಂತರಂಗ ತಪಸ್ಸುಗಳನ್ನು ಎಣಿಸುವಾಗ ಪ್ರಾಯಶ್ಚಿತ್ತ, ವಿನಯಗಳ ತರುವಾಯ ವೈಯಾವೃತ್ಯವನ್ನು ಹೇಳಿ, ಸ್ವಾಧ್ಯಾಯವನ್ನೂ ಧ್ಯಾನವನ್ನೂ ಆಮೇಲೆ ಹೇಳಿದ್ದಾರೆ. ಯಾರ ಸೇವೆ ಮಾಡಬೇಕೆಂಬ ಹತ್ತು ಹೆಸರುಗಳಲ್ಲಿ ‘ಗ್ಲಾನ’ ಎಂದರೆ ರೋಗದಿಂದ ಬಳಲಿದವನೂ ಒಬ್ಬ. ಇದೆಲ್ಲ ನನಗೆ ಕಂಠಪಾಠವಾಗಿತ್ತು. ಆದರೆ ಈ ತಪಸ್ಸನ್ನು ಕೈಯಾರೆ ಮಾಡುವವರು ಯಾರು, ಅವರ ದಿನಚರಿ ಹೇಗಿರುತ್ತದೆ ಎಂಬ ಪ್ರಶ್ನೆ ಅರವತ್ತೈದು ತುಂಬುವವರೆಗೂ ನನ್ನ ಮನಸ್ಸಿಗೆ ಬಂದಿರಲಿಲ್ಲ. ಬರುವಂತೆ ಮಾಡಿದವಳು ನನ್ನ ಮಗಳ ಮಗಳು.

2023ರ ಬೇಸಿಗೆಯಲ್ಲಿ ಅವಳ ದ್ವಿತೀಯ ಪಿಯುಸಿ ಫಲಿತಾಂಶ ಬಂದಿತು. ಒಳ್ಳೆಯ ಅಂಕಗಳು. ಅವಳ ತಂದೆತಾಯಿ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವವರು; ಮಗಳೂ ಎಂಜಿನಿಯರಿಂಗ್ ಸೇರುವಳೆಂದು ಅವರು ತಿಳಿದಿದ್ದರು. ಪೀಣ್ಯದಲ್ಲಿ ಬೇರಿಂಗು, ಬೋಲ್ಟು, ನಟ್ಟುಗಳ ವ್ಯಾಪಾರ ಮಾಡಿಕೊಂಡಿರುವ ನಾನು, ಬಿ.ಕಾಂ. ಓದಿಕೊಂಡವನಾದ್ದರಿಂದ, ಸಿ.ಎ. ಆದರೆ ಚೆನ್ನ ಎಂದು ಒಳಗೊಳಗೇ ಆಸೆಪಟ್ಟಿದ್ದೆ. ಒಂದು ಭಾನುವಾರ ಸಂಜೆ ಊಟ ಮುಗಿಸಿ ಎಲ್ಲರೂ ಕುಳಿತಿರುವಾಗ ಅವಳು, “ತಾತ, ನಾನು ನರ್ಸಿಂಗ್ ಓದುತ್ತೇನೆ. ಬಿ.ಎಸ್‌ಸಿ. ನರ್ಸಿಂಗ್, ನಾಲ್ಕು ವರ್ಷ. ಕಾಲೇಜು ಹೆಸರಘಟ್ಟ ರಸ್ತೆಯಲ್ಲಿ. ನಿಮ್ಮ ಮನೆಯಿಂದಲೇ ಹೋಗಿಬರುತ್ತೇನೆ” ಎಂದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಕಳೆಯನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ. ಎಲ್ಲಿ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಮಗಳು ಮೌನವಾದಳು. ಅಳಿಯಂದಿರು ನಗುತ್ತ, “ಡಾಕ್ಟರಾಗಲು ಇನ್ನೊಂದು ವರ್ಷ ಪ್ರಯತ್ನಿಸಬಹುದಲ್ಲ” ಎಂದರು. ಅವಳು, “ಡಾಕ್ಟರ್ ಆಗಲಿಲ್ಲವೆಂದು ನರ್ಸ್ ಆಗುತ್ತಿಲ್ಲ ಅಪ್ಪ, ನರ್ಸ್ ಆಗಬೇಕೆಂದೇ ಆಗುತ್ತಿದ್ದೇನೆ” ಎಂದಳು. ನಾನು ಹಿರಿಯನಾಗಿ ಏನಾದರೂ ಹೇಳಬೇಕಿತ್ತು. “ಯೋಚಿಸೋಣ” ಎಂದು ಎದ್ದುಹೋದೆ. ನಮ್ಮ ಕುಟುಂಬಗಳಲ್ಲಿ ಹಿರಿಯರು ‘ಯೋಚಿಸೋಣ’ ಎಂದರೆ ಏನರ್ಥವೆಂಬುದು ಓದುಗರಿಗೆ ತಿಳಿದೇ ಇದೆ.

ಆ ರಾತ್ರಿ ನಿದ್ರೆ ಬಾರದೆ ಮಲಗಿರುವಾಗ ಆ ಮುಖವನ್ನು ಎಲ್ಲಿ ಕಂಡಿದ್ದೆನೆಂಬುದು ನೆನಪಾಯಿತು. 1998ರಲ್ಲಿ ನಾನು ಒಂದು ಟ್ರಸ್ಟಿನ ಶಿಷ್ಯವೇತನ ಸಮಿತಿಯಲ್ಲಿದ್ದೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ ನಮ್ಮವರೇ ಆದ ಒಬ್ಬರು, ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಹುಡುಗಿಗೆ ನರ್ಸಿಂಗ್ ಶಾಲೆಯಲ್ಲಿ ಪ್ರವೇಶ ದೊರೆತಿತ್ತು. ಶುಲ್ಕಕ್ಕೆ ನೆರವು ಬೇಕಿತ್ತು. ಅವಳು ಶಾಲೆಯ ಪರಿಚಯ ಪುಸ್ತಿಕೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿ, ಯಾವ ವರ್ಷ ಯಾವ ಪಾಠ, ಯಾವ ವಾರ್ಡಿನಲ್ಲಿ ಎಷ್ಟು ತಿಂಗಳು ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಕಣ್ಣುಗಳು ಹೊಳೆಯುತ್ತಿದ್ದವು. ನಾನು ಪುಸ್ತಿಕೆಯನ್ನು ನೋಡದೆ ತಂದೆಯ ಕಡೆ ತಿರುಗಿ, “ನಮ್ಮ ಹೆಣ್ಣುಮಗು ಕಂಡವರ ಮಲಮೂತ್ರ ಬಳಿಯಬೇಕೇ? ಟೈಪಿಂಗ್, ಶೀಘ್ರಲಿಪಿ ಕಲಿಯಲಿ, ಅದಕ್ಕೆ ಕೊಡುತ್ತೇವೆ” ಎಂದೆ. ನಮ್ಮ ಅರ್ಜಿ ನಮೂನೆಯಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ಸಿ.ಎ., ಶಿಕ್ಷಕ ತರಬೇತಿ ಎಂದು ಅಚ್ಚಾಗಿತ್ತು, ನರ್ಸಿಂಗ್ ಎಂದಿರಲಿಲ್ಲ; ಅದೂ ನನಗೆ ಅನುಕೂಲವಾಯಿತು. ಹುಡುಗಿ ಪುಸ್ತಿಕೆಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡಳು. ಅವಳು ಟೈಪಿಂಗ್ ಕಲಿತು ಒಂದು ಕಚೇರಿಗೆ ಸೇರಿದಳೆಂದು ಆಮೇಲೆ ಕೇಳಿ, ಒಂದು ಸತ್ಕಾರ್ಯವಾಯಿತೆಂದು ಸಮಾಧಾನಪಟ್ಟುಕೊಂಡಿದ್ದೆ.

ಇಷ್ಟಾದರೂ ನನ್ನ ಮನಸ್ಸು ಮೆತ್ತಗಾಗಲು ಇನ್ನೊಂದು ನೆನಪಿನ ಒತ್ತಾಸೆ ಬೇಕಾಯಿತು. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ನನ್ನ ಧರ್ಮಪತ್ನಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹನ್ನೊಂದು ದಿನ ನಮ್ಮಲ್ಲಿ ಯಾರಿಗೂ ಒಳಗೆ ಪ್ರವೇಶವಿರಲಿಲ್ಲ. ಆಕೆ ಮೂವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗ ಮಾಡಿದವಳು. ಸೋಸಿ ಕುದಿಸಿದ ನೀರನ್ನಲ್ಲದೆ ಕುಡಿಯುವವಳಲ್ಲ. ಆಸ್ಪತ್ರೆಯ ಊಟ ಬರುತ್ತಿದ್ದುದು ರಾತ್ರಿ ಎಂಟಕ್ಕೆ. ಮೊದಲ ದಿನ ಆಕೆ ಉಪವಾಸವಿದ್ದಳು. ಎರಡನೆಯ ದಿನ ಕೇರಳದ ಕಡೆಯ ಒಬ್ಬ ಕ್ರೈಸ್ತ ಯುವತಿ, ಆ ವಾರ್ಡಿನ ಸಿಸ್ಟರ್, ಕಾರಣ ಕೇಳಿ ತಿಳಿದುಕೊಂಡಳಂತೆ. ಅಂದಿನಿಂದ ಸಂಜೆ ಐದೂವರೆಗೆ ಗಂಜಿ ಬರುತ್ತಿತ್ತು, ಫ್ಲಾಸ್ಕಿನಲ್ಲಿ ಕುದಿಸಿದ ನೀರು ಬರುತ್ತಿತ್ತು. ಮೈತುಂಬ ರಕ್ಷಾಕವಚ ತೊಟ್ಟು ಬೆವರಿನಲ್ಲಿ ತೋಯ್ದಿದ್ದ ಆ ಮಗು, ದಿನಕ್ಕೊಮ್ಮೆ ತನ್ನ ಫೋನಿನಲ್ಲಿ ನಮಗೆ ಆಕೆಯ ಮುಖ ತೋರಿಸುತ್ತಿದ್ದಳು. ಆ ಕರೆಗಳನ್ನು ಸ್ವೀಕರಿಸುತ್ತಿದ್ದವಳು ಮೊಮ್ಮಗಳು. ಆಗ ಅವಳು ಹತ್ತನೆಯ ತರಗತಿ; ಆಮ್ಲಜನಕದ ಪ್ರಮಾಣವೆಷ್ಟು, ಕವುಚಿ ಮಲಗಿಸಿದಿರಾ, ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ವಿಚಾರಿಸುತ್ತಿದ್ದಳು. ನನ್ನ ಪತ್ನಿ ಗುಣಹೊಂದಿ ಮನೆಗೆ ಬಂದಳು, ಅವಳ ವ್ರತಕ್ಕೂ ಭಂಗವಾಗಲಿಲ್ಲ. ನಮ್ಮ ಮನೆಯ ಒಬ್ಬ ಶ್ರಾವಕಿಯ ವ್ರತವನ್ನು ಕಾಪಾಡಿದ್ದು ಬೇರೆ ಮತದ, ಬೇರೆ ನಾಡಿನ, ಬೇರೆಯವರ ಮನೆಯ ಮಗಳು. ಆಕೆಯ ತಾತನೂ ನನ್ನಂತೆ ‘ಯೋಚಿಸೋಣ’ ಎಂದು ಎದ್ದುಹೋಗಿದ್ದರೆ!

ಮರುದಿನ ಬೆಳಿಗ್ಗೆ ಒಪ್ಪಿಗೆ ಕೊಟ್ಟೆ.

ಸುದ್ದಿ ಬಸದಿಗೆ ತಲುಪಲು ಎರಡು ದಿನವೂ ಬೇಕಾಗಲಿಲ್ಲ. ಮದುವೆಗೆ ಅಡ್ಡಿಯಾದೀತು ಎಂದವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡಲಿಲ್ಲ. ಆದರೆ ಹಿರಿಯ ಶ್ರಾವಕರೊಬ್ಬರು ಎತ್ತಿದ ಆಕ್ಷೇಪಗಳು ವಿಚಾರಯೋಗ್ಯವಾಗಿದ್ದವು. ವೈಯಾವೃತ್ಯವೆಂಬುದು ಸಂಯಮಿಗಳಿಗೆ ಸಲ್ಲತಕ್ಕದ್ದು, ಆಸ್ಪತ್ರೆಗೆ ಬಂದ ಕಂಡಕಂಡವರಿಗಲ್ಲ; ಸಂಬಳ ಪಡೆದು ಮಾಡಿದ್ದು ದಾನವಾಗುವುದಿಲ್ಲ; ಗಾಯವನ್ನು ಸ್ಪಿರಿಟ್ಟಿನಿಂದ ತೊಳೆಯುವುದು ಸೂಕ್ಷ್ಮಜೀವಿಗಳ ಹಿಂಸೆ. ಶಾಸ್ತ್ರವನ್ನು ಓದಿಕೊಂಡವರ ಆಕ್ಷೇಪಗಳಿವು. ಉತ್ತರ ಹುಡುಕಲು ನಾನು ರತ್ನಕರಂಡಕ ಶ್ರಾವಕಾಚಾರವನ್ನು ಮತ್ತೆ ತೆಗೆದೆ.

ಸಮಂತಭದ್ರಾಚಾರ್ಯರು ನಾಲ್ಕನೆಯ ಶಿಕ್ಷಾವ್ರತಕ್ಕೆ ಅತಿಥಿಸಂವಿಭಾಗವೆಂಬ ಹೆಸರನ್ನು ಕೊಡದೆ ವೈಯಾವೃತ್ಯವೆಂದೇ ಕರೆದಿದ್ದಾರೆ; ಸಂಯಮಿಗಳ ಕಷ್ಟ ಪರಿಹಾರ, ಕಾಲೊತ್ತುವುದು ಮೊದಲಾದ ಸಕಲ ಉಪಚಾರವನ್ನೂ ಅದರಲ್ಲಿ ಸೇರಿಸಿದ್ದಾರೆ. ಆದ್ದರಿಂದ ಹಿರಿಯರ ಮೊದಲ ಮಾತು ಅಕ್ಷರಶಃ ಸರಿ. ಆದರೆ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿದ ನಾಲ್ಕು ದತ್ತಿಗಳಲ್ಲಿ ಪಾತ್ರದತ್ತಿಯ ಜೊತೆಗೆ ದಯಾದತ್ತಿಯೂ ಇದೆಯಲ್ಲವೇ? ನರಳುವ ಜೀವಿಗೆ ಅಭಯವೀಯಲು ಅವನ ವ್ರತವನ್ನು ವಿಚಾರಿಸಬೇಕಾಗಿಲ್ಲ. ಸಂಬಳದ ಮಾತಿಗೆ ಬಂದರೆ, ಆಶಾಧರ ಪಂಡಿತರು ಸಾಗಾರ ಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟಿದ್ದಾರೆ. ಬೇರಿಂಗ್ ಮಾರಿ ಲಾಭ ತೆಗೆಯುವ ನಾನು, ರೋಗಿಯನ್ನು ನೋಡಿಕೊಂಡು ವೇತನ ಪಡೆಯುವವಳ ಗಳಿಕೆಯನ್ನು ಕೀಳೆನ್ನಲು ಯಾವ ಮುಖವಿದೆ? ಇನ್ನು ಹಿಂಸೆ. ಗೃಹಸ್ಥನು ಬಿಡಬೇಕಾದದ್ದು ಸಂಕಲ್ಪಿ ಹಿಂಸೆ. ಉದ್ಯೋಗಿ ಹಿಂಸೆಯಲ್ಲಿ ಯತ್ನಾಚಾರವಿರಬೇಕು. ನನ್ನ ಗಿರಾಕಿಗಳ ಕಾರ್ಖಾನೆಗಳ ಎಣ್ಣೆ, ಹೊಗೆ, ಕೊಳಚೆ ನೀರಿನಲ್ಲಿ ಆಗುವ ಜೀವಹಾನಿಯ ಲೆಕ್ಕವನ್ನು ಯಾರೂ ನನ್ನಲ್ಲಿ ಕೇಳಿದ್ದಿಲ್ಲ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಗ್ರಂಥದ ಎರಡು ಹೆಸರುಗಳು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಎಂದರೆ ಹೇಸಿಗೆಯಿಲ್ಲದಿರುವಿಕೆ. ಅದಕ್ಕೆ ದೃಷ್ಟಾಂತ ಉದ್ದಾಯನ ರಾಜ. ಅವನನ್ನು ಪರೀಕ್ಷಿಸಲು ದೇವನೊಬ್ಬನು ಕುಷ್ಠರೋಗಿಯಾದ ಮುನಿಯ ವೇಷದಲ್ಲಿ ಬಂದು, ಆಹಾರವನ್ನೆಲ್ಲ ಸ್ವೀಕರಿಸಿ, ದುರ್ಗಂಧ ಹಬ್ಬುವಂತೆ ವಾಂತಿ ಮಾಡಿದನು. ಪರಿಜನರು ಓಡಿಹೋದರು. ರಾಣಿ ಪ್ರಭಾವತಿಯ ಮೈಮೇಲೆಯೇ ವಾಂತಿಯಾಯಿತು. ರಾಜನು, ನಾನು ಕೊಟ್ಟ ಆಹಾರವೇ ಒಗ್ಗಲಿಲ್ಲವೆಂದು ತನ್ನನ್ನೇ ನಿಂದಿಸಿಕೊಂಡು ಮುನಿಯ ಮೈತೊಳೆದನು. ಈ ಕಥೆಯನ್ನು ನಾನು ಎಷ್ಟೋ ಬಾರಿ ಹೇಳಿದ್ದೇನೆ. ಆದರೆ ಓಡಿಹೋದ ಪರಿಜನರ ಗುಂಪಿನಲ್ಲಿ ನಾನೂ ಇದ್ದೇನೆಂಬುದನ್ನು ಹೇಳಿರಲಿಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ರಸ್ತೆಯ ಒಂದು ಪ್ರೆಸ್ ಶಾಪಿನಲ್ಲಿ ಕೆಲಸಗಾರನೊಬ್ಬನ ಎರಡು ಬೆರಳು ಯಂತ್ರಕ್ಕೆ ಸಿಕ್ಕಿದವು. ನೂರೈವತ್ತು ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆ ಹೇಳುತ್ತಿತ್ತು. ಪೆಟ್ಟಿಗೆ ಇತ್ತು, ತೆರೆಯಬಲ್ಲವರಿರಲಿಲ್ಲ. ನನ್ನ ಕಾರಿನಲ್ಲಿ ಅವನನ್ನು ಇ.ಎಸ್.ಐ. ಆಸ್ಪತ್ರೆಗೆ ಕರೆದೊಯ್ದೆವು. ಗಾಯದ ಬಟ್ಟೆ ಬಿಚ್ಚುವಾಗ ನಾನು ಮುಖ ತಿರುಗಿಸಿ ಹೊರಗೆ ಬಂದೆ. ನರ್ಸ್ ಒಬ್ಬರು ಆ ಕೈಯನ್ನು ತಮ್ಮ ಕೈಯಲ್ಲಿ ಎತ್ತಿ ಹಿಡಿದು, ಅವನ ಊರು, ಮಕ್ಕಳು ಎಂದು ಮಾತಾಡಿಸುತ್ತಲೇ ಇದ್ದರು. ಅದು ಬಾಗಿಲಾಚೆ ನಿಂತ ನನಗೆ ಕೇಳಿಸುತ್ತಿತ್ತು. ಕಾರಿನ ಸೀಟನ್ನು ಮೂರು ಸಲ ತೊಳೆಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಎರಡನೆಯ ಹೆಸರು ವೃಷಭಸೇನೆ. ನಾಲ್ಕು ದಾನಗಳಿಗೆ ಆಚಾರ್ಯರು ನಾಲ್ವರನ್ನು ಉದಾಹರಿಸುವಾಗ ಔಷಧದಾನಕ್ಕೆ ಅವಳ ಹೆಸರು ಬರುತ್ತದೆ. ಪ್ರಭಾಚಂದ್ರರ ಟೀಕೆಯಲ್ಲಿ ಕಥೆಯಿದೆ. ನಾಗಶ್ರೀ ಎಂಬ ಹುಡುಗಿ ದೇವಾಲಯದ ಕಸ ಗುಡಿಸುವವಳು. ಧ್ಯಾನಸ್ಥರಾಗಿದ್ದ ಮುನಿಯ ಮೇಲೆ ಸಿಟ್ಟಿನಿಂದ ಕಸವನ್ನೇ ಸುರಿದಳು. ಬಳಿಕ ಪಶ್ಚಾತ್ತಾಪಪಟ್ಟು ಔಷಧ ಕೊಟ್ಟು ಅವರ ಶುಶ್ರೂಷೆ ಮಾಡಿದಳು. ಮರುಜನ್ಮದಲ್ಲಿ ಅವಳು ಧನಪತಿ ಎಂಬ ಶ್ರೇಷ್ಠಿಯ ಮಗಳಾಗಿ ಹುಟ್ಟಿದಳು. ಅವಳು ಸ್ನಾನಮಾಡಿದ ನೀರಿನಲ್ಲಿ ಹೊರಳಿದ ರೋಗಿಷ್ಠ ನಾಯಿಯೂ ಗುಣವಾಯಿತಂತೆ. ಔಷಧದಾನಕ್ಕೆ ಆಚಾರ್ಯರು ಆರಿಸಿಕೊಂಡದ್ದು ವೈದ್ಯನನ್ನಲ್ಲ, ಆಸ್ಪತ್ರೆ ಕಟ್ಟಿಸಿದ ಸೆಟ್ಟಿಯನ್ನೂ ಅಲ್ಲ. ಕೈಯಾರೆ ಆರೈಕೆ ಮಾಡಿದ ಒಬ್ಬ ಹುಡುಗಿಯನ್ನು. ಅವಳು ಮರಳಿ ಹುಟ್ಟಿದ್ದಾದರೂ ವರ್ತಕನ ಮನೆಯಲ್ಲಿ. ಇಷ್ಟು ವರ್ಷ ಓದಿಯೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೊಮ್ಮಗಳು ಕಾಲೇಜಿಗೆ ಸೇರಿದ ಮೇಲೆ ನಮ್ಮ ಮನೆ ಒಂದು ಸಣ್ಣ ವಾರ್ಡಾಯಿತು. ಮೊದಲ ವಾರ ಹಾಸಿಗೆ ಹಾಸುವುದನ್ನು ಕಲಿತು ಬಂದಳು. ಹಾಸಿಗೆ ಹಾಸಲು ಕಾಲೇಜೇ ಎಂದು ಅವಳಜ್ಜಿ ನಕ್ಕರೆ, ಒಂದು ಸುಕ್ಕು ಉಳಿದರೂ ಏಳಲಾರದ ರೋಗಿಯ ಚರ್ಮ ಹೇಗೆ ಒಡೆಯುತ್ತದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣು ಹೇಗೆ ಎಲುಬಿನವರೆಗೆ ಇಳಿಯುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದಳು. ಮೂಲೆ ಮಡಿಚುವುದನ್ನು ನನಗೂ ಕಲಿಸಿದಳು. ನನ್ನ ಮೂಲೆಗಳು ಅವಳಿಗೆ ಒಪ್ಪಿಗೆಯಾಗಲಿಲ್ಲ. ಕೈತೊಳೆಯುವುದನ್ನು ಬೆರಳ ಸಂದಿ, ಉಗುರು, ಮಣಿಕಟ್ಟು ಎಂದು ಕ್ರಮವಾಗಿ ನಲವತ್ತರಿಂದ ಅರವತ್ತು ಸೆಕೆಂಡು ಮಾಡಿ ತೋರಿಸಿದಳು. ಆಸ್ಪತ್ರೆಯ ತ್ಯಾಜ್ಯಕ್ಕೆ ನಾಲ್ಕು ಬಣ್ಣದ ಪಾತ್ರೆಗಳಿವೆಯಂತೆ: ರಕ್ತ ಸೋಕಿದ ಹತ್ತಿ, ಬಟ್ಟೆ ಹಳದಿಗೆ, ಕೊಳವೆ ಮುಂತಾದ ಪ್ಲಾಸ್ಟಿಕ್ ಕೆಂಪಿಗೆ, ಸೂಜಿ ಬ್ಲೇಡು ಬಿಳಿಯದಕ್ಕೆ, ಗಾಜು ನೀಲಿಗೆ. 2016ರ ನಿಯಮಗಳಲ್ಲಿ ಹೀಗಿದೆಯೆಂದಳು. ಕೇಳುತ್ತಿದ್ದಂತೆ ನನಗೆ ಪಂಚ ಸಮಿತಿಗಳು ನೆನಪಾದವು. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಆದಾನನಿಕ್ಷೇಪಣ ಸಮಿತಿ. ಮಲಮೂತ್ರಾದಿಗಳನ್ನು ಜೀವಿಗಳಿಗೆ ಬಾಧೆಯಾಗದಂತೆ ವಿಸರ್ಜಿಸುವುದು ಉತ್ಸರ್ಗ ಸಮಿತಿ. ಇವು ಮುನಿಗಳ ಆಚಾರ. ಹದಿನೆಂಟರ ಹುಡುಗಿಯೊಬ್ಬಳು ವಾರ್ಡಿನಲ್ಲಿ ಅದರ ಛಾಯೆಯನ್ನು ಅಭ್ಯಾಸ ಮಾಡುತ್ತಿದ್ದಾಳೆ ಎಂದು ಹೇಳಿದರೆ ಅತಿಶಯವಾದೀತೇನೋ. ನನಗೆ ಹಾಗೆ ಅನ್ನಿಸಿದ್ದಂತೂ ನಿಜ.

ದೀಪ ಬೆಳಗಿ ಪ್ರತಿಜ್ಞೆ ಸ್ವೀಕರಿಸುವ ಸಮಾರಂಭಕ್ಕೆ ನಾವೆಲ್ಲರೂ ಹೋಗಿದ್ದೆವು. ಸಾಲಾಗಿ ನಿಂತ ಮಕ್ಕಳ ಕೈಯಲ್ಲಿ ಹಣತೆ, ಮೈಮೇಲೆ ಇಸ್ತ್ರಿ ಮಾಡಿದ ಸಮವಸ್ತ್ರ. ನಮ್ಮವಳು ಹಿಂದಿನ ರಾತ್ರಿ ಆ ಸಮವಸ್ತ್ರವನ್ನು ಮೂರು ಬಾರಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ಆ ಪ್ರತಿಜ್ಞೆಗೆ ನೈಟಿಂಗೇಲರ ಹೆಸರಿದ್ದರೂ ಅವರು ಅದನ್ನು ಬರೆದವರಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಲಿಸ್ಟ್ರಾ ಗ್ರೆಟರ್ ಎಂಬವರ ನೇತೃತ್ವದಲ್ಲಿ ರಚಿತವಾದದ್ದು. ನೈಟಿಂಗೇಲರ ಬಗ್ಗೆ ಓದುವಾಗ ಲೆಕ್ಕದ ಮನುಷ್ಯನಾದ ನನಗೆ ದೀಪಕ್ಕಿಂತ ಹಿಡಿಸಿದ್ದು ಅವರ ಲೆಕ್ಕಪತ್ರ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದ ಆಕೆ, ಯುದ್ಧದ ಗಾಯಗಳಿಗಿಂತ ತಡೆಯಬಹುದಾದ ರೋಗಗಳಿಂದಲೇ ಸೈನಿಕರು ಹೆಚ್ಚಾಗಿ ಸತ್ತರೆಂಬುದನ್ನು ಅಂಕಿಅಂಶಗಳ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷೆಯ ಶಾಲೆ ತೆರೆದರು. ನಮ್ಮ ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ತಾಸ್ ಆಸ್ಪತ್ರೆಯನ್ನು ಸ್ಥಾಪಿಸಿದವರೂ ಕ್ರೈಸ್ತ ಸನ್ಯಾಸಿನಿಯರು. ನಮ್ಮಲ್ಲಿ ವಿದ್ಯೆಯಿರಲಿಲ್ಲವೆಂದಲ್ಲ. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ಔಷಧ, ರೋಗಿಗಳ ಜೊತೆಗೆ ಉಪಚಾರಕನನ್ನೂ ಎಣಿಸಿದ್ದಾನೆ. ನಮ್ಮ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿ, ನೃಪತುಂಗನ ಆಸ್ಥಾನದಲ್ಲಿ ಮಾಂಸಭಕ್ಷಣೆಯನ್ನು ಖಂಡಿಸಿ ವಾದಿಸಿದರು. ಗ್ರಂಥವನ್ನು ನಾವು ಗೌರವದಿಂದ ಕಪಾಟಿನಲ್ಲಿಟ್ಟೆವು.

ಶುಶ್ರೂಷೆ ಎಂಬ ಶಬ್ದದ ಮೂಲಾರ್ಥ ‘ಕೇಳುವ ಇಚ್ಛೆ’. ಇದನ್ನು ಹೇಳಿದಾಗ ಮೊಮ್ಮಗಳು ಹಿಗ್ಗಿ, ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಳು.

ಎಲ್ಲಕ್ಕೂ ಉತ್ತರ ಸಿಕ್ಕಿದೆಯೆಂದು ನಾನು ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬ ಔಷಧವನ್ನು ಹಂದಿಯ ಕರುಳಿನಿಂದ ತೆಗೆಯುತ್ತಾರೆ. ವೈದ್ಯರು ಮೊಟ್ಟೆ ತಿನ್ನಿಸಲು ಹೇಳಿದ ರೋಗಿಯ ಕೈಗಳಿಗೆ ಶಕ್ತಿಯಿಲ್ಲದಿದ್ದರೆ ತಿನ್ನಿಸುವವರಾರು? ಇದನ್ನು ಕೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ಅವರ ಜೀವ ಉಳಿಸುವ ಮದ್ದನ್ನು ನಾನು ತಡೆಯಲಾರೆ ತಾತ. ಮೊಟ್ಟೆಯ ವಿಷಯ ಇನ್ನೂ ಗೊತ್ತಿಲ್ಲ. ಜೊತೆಯವರನ್ನು ಕೇಳಿಕೊಳ್ಳಬಹುದು, ಯಾರೂ ಇಲ್ಲದಿದ್ದರೆ ಆ ಹೊತ್ತಿಗೆ ಏನು ಮಾಡುತ್ತೇನೋ ಆಮೇಲೆ ನಿಮಗೆ ಹೇಳುತ್ತೇನೆ” ಎಂದಳು. ಮುನಿಮಹಾರಾಜರ ಸನ್ನಿಧಿಯಲ್ಲಿ ಈ ಪ್ರಶ್ನೆಯನ್ನಿಡಬೇಕೆಂದುಕೊಂಡಿದ್ದೇನೆ. ಅವಳು ತಾನೇ ಬಂದು ಕೇಳುತ್ತೇನೆಂದಿದ್ದಾಳೆ.

ಟ್ರಸ್ಟುಗಳ ಬಂಧುಗಳಲ್ಲಿ ಒಂದು ವಿಜ್ಞಾಪನೆ. ನಾವು ಆಸ್ಪತ್ರೆಗಳಿಗೆ ಮಂಚ ಕೊಡುತ್ತೇವೆ, ಡಯಾಲಿಸಿಸ್ ಯಂತ್ರ ಕೊಡುತ್ತೇವೆ, ತಂದೆತಾಯಿಯರ ಹೆಸರಿನ ಕಲ್ಲು ಹಾಕಿಸುತ್ತೇವೆ. ನಾನೂ ಒಂದು ಕಲ್ಲಿನ ಒಡೆಯ. ಆ ಮಂಚದ ಪಕ್ಕದಲ್ಲಿ ನಡುರಾತ್ರಿ ಎರಡು ಗಂಟೆಗೆ ನಿಂತಿರುವವಳ ಓದಿಗೆ ನಮ್ಮ ಅರ್ಜಿ ನಮೂನೆಯಲ್ಲಿ ಒಂದು ಸಾಲಿಲ್ಲ. ಕಳೆದ ಸಭೆಯಲ್ಲಿ ನಾನು ಅಚ್ಚಾದ ಪಟ್ಟಿಯ ಕೆಳಗೆ ಪೆನ್ನಿನಿಂದ ‘ನರ್ಸಿಂಗ್’ ಎಂದು ಬರೆದು ಅಧ್ಯಕ್ಷರ ಮುಂದಿಟ್ಟೆ. ಹುಡುಗರಿಗೂ ಅನ್ವಯಿಸುತ್ತದೆಯೇ ಎಂದು ಒಬ್ಬರು ಕೇಳಿದರು. ಅನ್ವಯಿಸುತ್ತದೆ ಎಂದೆ. ಮುಂದಿನ ಸಭೆಗೆ ಮುಂದೂಡಿದ್ದಾರೆ.

ಪ್ರತಿವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ಅಚ್ಚಿನ ಪತ್ರಗಳನ್ನು ಇನ್ನೂರಕ್ಕೂ ಹೆಚ್ಚು ಮಂದಿಗೆ ಕಳುಹಿಸುತ್ತೇನೆ. ಅವರಲ್ಲಿ ಬಹುಪಾಲು ಮಂದಿಗೆ ನಾನು ಯಾವ ಅಪರಾಧವನ್ನೂ ಮಾಡಿಲ್ಲ. ಈ ಬಾರಿ ಲೇತ್ ಕೆಲಸದ ಆ ಬಂಧುವಿನ ಮಗಳ ವಿಳಾಸವನ್ನು ಹುಡುಕಿಸಿದೆ. ತಂದೆ ತೀರಿಹೋಗಿದ್ದಾರೆ. ಆಕೆ ಈಗ ಬೇರೆ ಊರಿನಲ್ಲಿ ಸಂಸಾರವಂತೆ. ಅಚ್ಚಿನ ಪತ್ರ ಕಳುಹಿಸಲು ಮನಸ್ಸಾಗದೆ ಕೈಯಲ್ಲೇ ಬರೆದೆ. ಪುಸ್ತಿಕೆಯನ್ನು ನೋಡದೆ ಹೋದದ್ದನ್ನೂ ಬರೆದೆ. ಉತ್ತರ ಬಂದಿಲ್ಲ.

ಈ ತಿಂಗಳು ಮೊಮ್ಮಗಳಿಗೆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ. ಸೂರ್ಯಾಸ್ತ ಪಾಳಿಯ ನಡುವೆ ಬೀಳುವುದರಿಂದ ಅವಳಜ್ಜಿ ಡಬ್ಬಿಯಲ್ಲಿ ಎರಡು ಚಪಾತಿ ಕಟ್ಟಿಕೊಡುತ್ತಾಳೆ. ಐದೂವರೆಗೆ ಬಿಡುವು ಸಿಕ್ಕಿದರೆ ಊಟ, ಇಲ್ಲವಾದರೆ ಡಬ್ಬಿ ಹಾಗೆಯೇ ಮನೆಗೆ ಬರುತ್ತದೆ. ನಿನ್ನೆ ರಾತ್ರಿ ಒಂಬತ್ತಕ್ಕೆ ದಾಸರಹಳ್ಳಿ ಮೆಟ್ರೊ ನಿಲ್ದಾಣದ ಕೆಳಗೆ ಅವಳಿಗಾಗಿ ಕಾಯುತ್ತಿದ್ದೆ. ಮೆಟ್ಟಿಲಿಳಿದು ಬಂದವಳು ಡಬ್ಬಿಯನ್ನು ನನ್ನ ಕೈಗಿತ್ತಳು. ತೂಕವಾಗಿತ್ತು. “ಹೊಟ್ಟೆ ಹಸಿಯುತ್ತಿಲ್ಲವೇ ಮಗಳೇ?” ಎಂದೆ. “ಹಸಿಯುತ್ತಿದೆ ತಾತ. ಆದರೆ ಹದಿನಾಲ್ಕನೇ ಮಂಚದ ಅಜ್ಜಿ ಇವತ್ತು ತಾವೇ ಎದ್ದು ನಾಲ್ಕು ಹೆಜ್ಜೆ ನಡೆದರು!” ಎಂದು, ಆ ನಾಲ್ಕು ಹೆಜ್ಜೆಗಳನ್ನು ಅಲ್ಲಿಯೇ ಕಾಲುದಾರಿಯ ಮೇಲೆ ನಡೆದು ತೋರಿಸಿದಳು.